ಬಿಟ್ಟುಹೋದ ಗಾಂಜಾ ಪಾತಿಗಳು, ಬತ್ತಿದ ತೊರೆ

ಕಾಡುಹಾದಿ

ಹಕ್ಕಿ ನೋಡುವ ಹುಚ್ಚಿಗೆ ಬಿದ್ದು ಹನ್ನೆರಡು ವರ್ಷಗಳಿಂದ ಒಂದೇ ಕಾಡಿನ ಒಂದೇ ತೊರೆಯ ದಂಡೆಯಲ್ಲಿ ನಡೆಯುತ್ತಿದ್ದೇನೆ. ಎಲ್ಲಿದೆ ಎಂದು ಬರೆಯುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ. ಆ ತೊರೆ ಬೇಸಿಗೆಯಲ್ಲಿ ಸಣ್ಣಗಾದರೂ ಎಂದೂ ನಿಂತದ್ದಿಲ್ಲ. ಕಳೆದ ವಾರ ಹೋದಾಗ ಬರಿಯ ಕಲ್ಲು ಕಂಡಿತು. ತಗ್ಗಿನಲ್ಲಿ ಉಳಿದಿದ್ದ ಬೊಗಸೆ ನೀರಿನಲ್ಲಿ ಗೊದಮೊಟ್ಟೆಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು.

ಮಳೆ ಕಡಿಮೆಯಾಗಿರಲಿಲ್ಲ. ಹಾಗಾದರೆ ನೀರು ಎಲ್ಲಿ ಹೋಯಿತು ಎಂದು ಮೇಲಕ್ಕೆ ಹತ್ತಿದೆ. ಅರ್ಧ ಗಂಟೆ ಹತ್ತಿದ ಮೇಲೆ ಕಲ್ಲು ಜೋಡಿಸಿ, ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ ಕಟ್ಟಿದ ಒಡ್ಡು ಸಿಕ್ಕಿತು. ಅದರ ಬುಡದಿಂದ ಒಂದು ಕಪ್ಪು ಪೈಪು ಪೊದೆಯೊಳಗೆ ಹೋಗಿತ್ತು. ಅದರ ಜಾಡು ಹಿಡಿದು ಹೋದರೆ ಮರಗಳ ನಡುವೆ ಒಂದು ಬಯಲು. ಮೊಣಕಾಲೆತ್ತರದ ಕೂಳೆಗಳು, ಅಗೆದ ಗುಂಡಿಗಳು, ಕೊಯ್ದು ಬಿಟ್ಟ ದಂಟುಗಳು. ದಂಟಿನ ತುದಿಯಲ್ಲಿ ಒಂದೆರಡು ಒಣ ಎಲೆಗಳಿದ್ದವು, ಆದ್ದರಿಂದ ಗಾಂಜಾ ಎಂದು ಗುರುತಿಸಿದೆ. ಒಲೆ ಹೂಡಿದ ಕಲ್ಲು, ಮಸಿ ಹಿಡಿದ ಪಾತ್ರೆ, ಹರಿದ ಗೊಬ್ಬರದ ಚೀಲಗಳು. ಒಂದು ಮರದ ಬೇರಿನ ಸಂದಿನಲ್ಲಿ ತಂಪು ಪಾನೀಯದ ಬಾಟಲಿ, ಚೀಟಿ ಕಿತ್ತಿದೆ, ಒಳಗೆ ತಿಳಿಗುಲಾಬಿ ಬಣ್ಣದ ದ್ರವ. ಅದರಿಂದ ನಾಲ್ಕು ಮಾರು ದೂರದಲ್ಲಿ ಒಂದು ಕಾಗೆ ಸತ್ತು ಬಿದ್ದಿತ್ತು. ಅದರ ಪಕ್ಕದಲ್ಲಿ ಅಳಿಲು.

ಇದುವರೆಗೆ ಯಾರಾದರೂ ಕೇಳಿದರೆ ಗಾಂಜಾ ಒಂದು ಗಿಡ, ಕಾಡಿನಲ್ಲಿ ಬೆಳೆದರೆ ಕಾಡಿಗೇನು ನಷ್ಟ ಎನ್ನುತ್ತಿದ್ದೆ. ಆ ಮಾತನ್ನು ಇನ್ನು ಆಡಲಾರೆ. ತಿಳಿದವರು ಹೇಳಿ: ಅಲ್ಲಿ ನಡೆದದ್ದೇನು, ನಾನು ಮಾಡಬೇಕಾದದ್ದೇನು?

ಗೂಬೆಕಣ್ಣು

ಕಾಡುಹಾದಿ ಅವರೇ, ಮೊದಲು ಒಂದು ಮಾತು. ಅಲ್ಲಿಗೆ ಮತ್ತೆ ಒಬ್ಬರೇ ಹೋಗಬೇಡಿ. ಬಾಟಲಿಯನ್ನು ಮುಟ್ಟಿಲ್ಲ, ಮೂಸಿಲ್ಲ ಎಂದುಕೊಳ್ಳುತ್ತೇನೆ. ಅಂದು ತೊಟ್ಟಿದ್ದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ತಲೆಸುತ್ತು, ಬಾಯಲ್ಲಿ ನೀರೂರುವುದು, ಕಣ್ಣು ಮಂಜಾಗುವುದು ಏನಾದರೂ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕೀಟನಾಶಕ ತಗುಲಿರಬಹುದು ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ನಾನು ಕಾಡುಪ್ರಾಣಿಗಳ ಆರೋಗ್ಯದ ಕೆಲಸದಲ್ಲಿರುವವನು. ಆ ಗುಲಾಬಿ ದ್ರವ ಏನೆಂದು ಪರೀಕ್ಷಿಸದೆ ಹೇಳಲು ಬಾರದು. ಆದರೆ ಇಂತಹ ಜಾಗಗಳಲ್ಲಿ ಚೀಟಿಯಿಲ್ಲದ ಬಾಟಲಿಗೆ ಕಾರ್ಬೋಫ್ಯುರಾನ್ ಎಂಬ ಕೀಟನಾಶಕ ಸುರಿದಿಟ್ಟದ್ದು ಮತ್ತೆ ಮತ್ತೆ ಸಿಕ್ಕಿದೆ. ಅದು ನರಮಂಡಲಕ್ಕೇ ಕೈ ಹಾಕುವ ವಿಷ. ಅಮೆರಿಕ 2009ರಲ್ಲಿ ಆಹಾರ ಬೆಳೆಗಳ ಮೇಲೆ ಅದರ ಬಳಕೆಗೆ ತೆರೆ ಎಳೆಯಿತು. ಕಾಳಿನಂತಿರುವ ಅದರ ರೂಪವನ್ನು ಹಕ್ಕಿಗಳು ಬೀಜವೆಂದೇ ಹೆಕ್ಕುತ್ತವೆ. ಒಂದು ಕಾಳು ಒಂದು ಗುಬ್ಬಿಗೆ ಸಾಕು. ಆ ಹಕ್ಕಿಯನ್ನು ತಿಂದದ್ದೂ ಸಾಯುತ್ತದೆ. ನೀವು ಕಂಡ ಕಾಗೆ ಮತ್ತು ಅಳಿಲಿನ ಕಥೆ ಅದೇ ಇರಬಹುದು.

ಜಾಗದ ಗುರುತು ಬರೆದಿಟ್ಟುಕೊಂಡು ಅರಣ್ಯ ಇಲಾಖೆಗೆ ಅಥವಾ ಪೊಲೀಸರಿಗೆ ತಿಳಿಸಿ. ಪೈಪನ್ನು ನೀವೇ ಕಿತ್ತುಹಾಕುವ ಆಸೆ ಬರುತ್ತದೆ, ಬಲ್ಲೆ. ಬೇಡ. ಕೊಯ್ಲು ಮುಗಿದಿದ್ದರೂ ಬಿಟ್ಟುಹೋದ ಸಾಮಾನಿಗಾಗಿ ಜನ ತಿರುಗಿ ಬರುವುದುಂಟು.

ಮುಂಗಾರು ಮೋಡ

ಕಾಗೆ, ಅಳಿಲಿಗಾಗಿ ನನಗೂ ನೋವಿದೆ. ಆದರೆ ಬಾಣ ಬಿಡುವ ಮೊದಲು ಗುರಿ ಸರಿಯಿದೆಯೇ ನೋಡಿ. ಈ ಗಿಡವನ್ನು ಕಾಡಿಗೆ ಅಟ್ಟಿದ್ದು ಕಾನೂನು. ಅಮೆರಿಕದಲ್ಲಿ 1984ರಲ್ಲಿ ಕಾಯ್ದೆ ಬಿಗಿ ಮಾಡಿ, ಗಾಂಜಾ ಬೆಳೆದ ಜಮೀನನ್ನೇ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಲು ದಾರಿ ಮಾಡಿಕೊಟ್ಟರು. ಅದರ ಹಿಂದಿನ ವರ್ಷವೇ, 1983ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಹೆಲಿಕಾಪ್ಟರ್ ಹಾರಿಸಿ ತೋಟ ಹುಡುಕಿ ಕಡಿಯುವ ಅಭಿಯಾನ ಶುರುವಾಗಿತ್ತು. ತನ್ನ ಹಿತ್ತಿಲಲ್ಲಿ ಬೆಳೆದರೆ ಮನೆಯೇ ಹೋಗುತ್ತದೆ ಎಂದಾದಾಗ ಜನ ಯಾರದೂ ಅಲ್ಲದ ನೆಲ ಹುಡುಕಿದರು. ಯಾರದೂ ಅಲ್ಲದ ನೆಲ ಎಂದರೆ ಸರ್ಕಾರಿ ಕಾಡು. ಹಿತ್ತಿಲಿನಲ್ಲಿ ಮೂರು ಗಿಡಕ್ಕೆ ಅನುಮತಿ ಇದ್ದಿದ್ದರೆ ನಿಮ್ಮ ತೊರೆ ಇಂದಿಗೂ ಹರಿಯುತ್ತಿತ್ತು.

ಗೂಬೆಕಣ್ಣು

ಮುಂಗಾರು ಮೋಡ ಅವರೇ, ಆ ಇತಿಹಾಸ ಸರಿ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಾರಣ ಯಾರದಾದರೂ ಆಗಲಿ, ಏಟು ತಿಂದದ್ದು ಯಾವುದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಬಿಡಿ, ಏಕೆಂದರೆ ಈ ವಿಷಯ ಹೊರಗೆ ಬಂದ ರೀತಿಯೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು.

ಕ್ಯಾಲಿಫೋರ್ನಿಯಾದ ಕಾಡುಗಳಲ್ಲಿ ಫಿಷರ್ ಎಂಬ ಪ್ರಾಣಿಯಿದೆ. ನೀರುನಾಯಿಯ ಕುಟುಂಬದ್ದು, ಬೆಕ್ಕಿನ ಗಾತ್ರ, ಮರದ ಪೊಟರೆಯಲ್ಲಿ ಮರಿ ಹಾಕುತ್ತದೆ. ಊರಿನಿಂದ ದೂರ, ದಟ್ಟ ಹಳೆಯ ಕಾಡಿನಲ್ಲಿ ಮಾತ್ರ ನೆಮ್ಮದಿಯಾಗಿರುವ ಜೀವ. ಮನುಷ್ಯರ ಇಲಿ ಪಾಷಾಣಕ್ಕೂ ಅದಕ್ಕೂ ಏನು ನಂಟು? 2009ರಲ್ಲಿ ಒಂದು ಫಿಷರ್ ಮೈತುಂಬ ರಕ್ತಸ್ರಾವವಾಗಿ ಸತ್ತದ್ದು ಸಿಕ್ಕಿದಾಗ ಸಂಶೋಧಕರು ತಲೆ ಕೆರೆದುಕೊಂಡರು. ಹಳೆಯ ಮಾದರಿಗಳನ್ನೂ ತೆಗೆದು ಯಕೃತ್ತನ್ನು ಪರೀಕ್ಷಿಸಿದರು. ಮೌರಾದ್ ಗೇಬ್ರಿಯಲ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಪರೀಕ್ಷಿಸಿದ 58 ಫಿಷರ್‌ಗಳಲ್ಲಿ 46ರ ಮೈಯಲ್ಲಿ ಇಲಿ ಪಾಷಾಣವಿತ್ತು. ಅಂದರೆ ನೂರಕ್ಕೆ 79. ನಾಲ್ಕು ಅದರಿಂದಲೇ ಸತ್ತಿದ್ದವು. ಇನ್ನೂ ಹಾಲು ಬಿಡದ ಒಂದು ಮರಿಯಲ್ಲಿಯೂ ವಿಷ ಸಿಕ್ಕಿತು. ಬೇಟೆಯಾಡಲು ಬಾರದ ಮರಿಗೆ ಅದು ತಾಯಿಯಿಂದಲೇ ಬಂದಿರಬೇಕು.

ಆ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ, ಬಯಲಿನಲ್ಲಿಯೇ ಓಡಾಡುತ್ತದೆ, ಸುಲಭವಾಗಿ ಬೇಟೆಯಾಗುತ್ತದೆ. ಗೂಬೆಗಳಿಗೆ ಇದಕ್ಕಿಂತ ಸುಲಭದ ಊಟ ಇನ್ನೆಲ್ಲಿ? 2018ರಲ್ಲಿ ಅದೇ ಸೀಮೆಯ ಗೂಬೆಗಳನ್ನು ನೋಡಿದಾಗ, ಅಳಿವಿನ ಅಂಚಿನಲ್ಲಿರುವ ಚುಕ್ಕೆ ಗೂಬೆಗಳ ಹತ್ತು ಕಳೇಬರಗಳಲ್ಲಿ ಏಳರಲ್ಲಿ ಇದೇ ವಿಷ. ಗಾಂಜಾದ ಕಳ್ಳತೋಟದವರು ಎಳೆಯ ಸಸಿಯನ್ನು ಇಲಿ ಕಡಿಯದಿರಲಿ ಎಂದು ವಸಂತದಲ್ಲಿ ವಿಷ ಹರಡುತ್ತಾರೆ. ಫಿಷರ್ ಮರಿಗೆ ಹಾಲುಣಿಸುವುದೂ ಅದೇ ತಿಂಗಳುಗಳಲ್ಲಿ. ತಾಯಿ ಸತ್ತರೆ ಪೊಟರೆಯೊಳಗಿನ ಮರಿಗಳನ್ನು ಯಾರೂ ಎಣಿಸುವುದಿಲ್ಲ.

ನೀರಗಂಟಿ

ವಿಷದ ಮಾತು ಗೂಬೆಕಣ್ಣು ಅವರು ಹೇಳಿದ್ದಾರೆ. ನಾನು ನೀರಿನ ಮನುಷ್ಯ, ನೀರಿನ ಮಾತು ಹೇಳುತ್ತೇನೆ.

ತೊರೆಯ ನೀರಿನ ಲೆಕ್ಕವನ್ನು ವರ್ಷದ ಮೊತ್ತದಲ್ಲಿ ಹಾಕುವವರು ತಪ್ಪುತ್ತಾರೆ. ಲೆಕ್ಕ ಹಾಕಬೇಕಾದದ್ದು ಅತಿ ಕಡಿಮೆ ನೀರಿರುವ ಆ ಏಳು ದಿನಗಳನ್ನು. ಮೀನು, ಕಪ್ಪೆ, ಏಡಿ ಬದುಕುವುದೋ ಸಾಯುವುದೋ ಆ ಏಳು ದಿನಗಳಲ್ಲಿ ತೀರ್ಮಾನವಾಗುತ್ತದೆ. ಬಯಲಿನ ಗಾಂಜಾ ಗಿಡ ಹೆಚ್ಚು ನೀರು ಕೇಳುವುದು ಅದೇ ಒಣ ದಿನಗಳಲ್ಲಿ. ವಾಯವ್ಯ ಕ್ಯಾಲಿಫೋರ್ನಿಯಾದ ನಾಲ್ಕು ಜಲಾನಯನಗಳನ್ನು ಇಟ್ಟುಕೊಂಡು 2015ರಲ್ಲಿ ಅಂದಾಜು ಮಾಡಿದರು. ನಾಲ್ಕರಲ್ಲಿ ಮೂರು ಕಡೆ ತೋಟಗಳ ಬೇಡಿಕೆ ತೊರೆಯಲ್ಲಿದ್ದ ನೀರಿಗಿಂತಲೇ ಹೆಚ್ಚು. ಉಳಿದ ಒಂದರಲ್ಲಿಯೂ ಒಣ ವಾರದ ಹರಿವಿನಲ್ಲಿ ನೂರಕ್ಕೆ 23ರವರೆಗೆ ಇಳಿಕೆ. ಅಲ್ಲಿ ಕೋಹೊ ಸಾಲ್ಮನ್ ಮರಿಗಳು ಒಂದು ಬೇಸಿಗೆಯನ್ನು ತೊರೆಯಲ್ಲಿಯೇ ಕಳೆದ ನಂತರ ಸಮುದ್ರಕ್ಕೆ ಹೋಗುತ್ತವೆ. ನೀರು ಇಳಿದರೆ ಬಿಸಿಯಾಗುತ್ತದೆ. ಬಿಸಿಯಾದರೆ ಅದರಲ್ಲಿನ ಆಮ್ಲಜನಕ ಕುಗ್ಗುತ್ತದೆ. ಗುಂಡಿಗಳ ನಡುವೆ ಹರಿವು ಕಡಿದುಹೋದರೆ ಮೀನಿಗೆ ಓಡಿಹೋಗುವ ದಾರಿಯೂ ಇಲ್ಲ.

ಕಾಡುಹಾದಿ ಅವರು ಕಂಡ ಗೊದಮೊಟ್ಟೆಗಳ ಬೊಗಸೆ ನೀರು ಅದೇ. ಓದುತ್ತಿದ್ದಂತೆ ನನಗೆ ಹೊಟ್ಟೆ ಕಿವುಚಿದಂತಾಯಿತು.

ಮೇಲಿನ ಒಡ್ಡು ಚಿಕ್ಕದು ಎಂದು ಕಡೆಗಣಿಸಬೇಡಿ. ಹೊಳೆಯ ನಡುವಿನಿಂದ ಒಂದು ಬಿಂದಿಗೆ ತೆಗೆದರೆ ಹೊಳೆಗೆ ಗೊತ್ತಾಗುವುದಿಲ್ಲ. ಒರತೆಯ ಬಾಯಿಯಲ್ಲಿ ಪೈಪು ಇಟ್ಟರೆ ಕೆಳಗಿನದೆಲ್ಲ ಹೋಯಿತು.

ಮುಂಗಾರು ಮೋಡ

ನೀರಗಂಟಿ ಅವರೇ, ಹಾಗೆಂದರೆ ಹೊಳೆದಂಡೆಯ ಎಲ್ಲ ಬೆಳೆಗೂ ಈ ಮಾತು ಸಲ್ಲುತ್ತದೆ. ಬೇರೆ ಬೆಳೆಗಾರರೂ ಪಂಪು ಇಡುತ್ತಾರೆ, ಔಷಧ ಹೊಡೆಯುತ್ತಾರೆ. ಗಾಂಜಾ ಮಾತ್ರ ಏಕೆ ಕಟಕಟೆಯಲ್ಲಿ ನಿಲ್ಲಬೇಕು?

ನೀರಗಂಟಿ

ಗಾಂಜಾವನ್ನು ನಾನು ಕಟಕಟೆಯಲ್ಲಿ ನಿಲ್ಲಿಸುತ್ತಿಲ್ಲ, ಕದ್ದು ಬೆಳೆಯುವುದನ್ನು ನಿಲ್ಲಿಸುತ್ತಿದ್ದೇನೆ. ಎರಡೂ ಬೇರೆ. ಅದೇ ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಪಡೆದ ಬೆಳೆಗಾರ ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ ತೊರೆಯಿಂದ ನೀರೆತ್ತುವಂತಿಲ್ಲ. ಮಳೆಗಾಲದಲ್ಲಿ ತೊಟ್ಟಿ ತುಂಬಿಸಿಟ್ಟುಕೊಂಡು ಅದನ್ನೇ ಬಳಸಬೇಕು. ಗಿಡ ಅದೇ, ಮಣ್ಣು ಅದೇ, ಆದರೆ ತೊರೆ ಉಳಿಯುತ್ತದೆ. ಅಡಗಿ ಬೆಳೆಯುವವನಿಗೆ ತೊಟ್ಟಿ ಕಟ್ಟಲು ಆಗುವುದಿಲ್ಲ, ಕಂಡುಬಿಡುತ್ತದೆ. ಮುಂದಿನ ವರ್ಷ ಅದೇ ಜಾಗಕ್ಕೆ ಬರುತ್ತೇನೆಂಬ ಭರವಸೆ ಅವನಿಗಿಲ್ಲ. ಇಲ್ಲದಿದ್ದ ಮೇಲೆ ಮಣ್ಣನ್ನು, ನೀರನ್ನು ಏಕೆ ಕಾಪಾಡುತ್ತಾನೆ? ರೈತ ತನ್ನ ಹೊಲದ ಬದು ಒಡೆದರೆ ರಾತ್ರಿಯಲ್ಲಿ ಎದ್ದು ಹೋಗಿ ಕಟ್ಟುತ್ತಾನೆ. ಕಳ್ಳತೋಟಕ್ಕೆ ಬದುವೇ ಇಲ್ಲ.

ಇಳಿಜಾರು

ಬದುವಿನ ಮಾತು ಬಂದದ್ದರಿಂದ ಒಂದು ಸಂಗತಿ ಸೇರಿಸುತ್ತೇನೆ. ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಸೀಮೆಯ 60 ಜಲಾನಯನಗಳ ಉಪಗ್ರಹ ಚಿತ್ರಗಳನ್ನು ಕೂತು ನೋಡಿ ಸಂಶೋಧಕರು 4,428 ಬೆಳೆಯ ತಾಣಗಳನ್ನು ಎಣಿಸಿದ ಅಧ್ಯಯನ 2016ರಲ್ಲಿ ಬಂತು. ನೂರಕ್ಕೆ 68 ತಾಣಗಳು ಸರಿಯಾದ ರಸ್ತೆಯಿಂದ ಅರ್ಧ ಕಿಲೋಮೀಟರಿಗಿಂತ ದೂರ. ನೂರಕ್ಕೆ 22 ಕಡಿದಾದ ಇಳಿಜಾರಿನಲ್ಲಿ. ಮಳೆ ಬಂದಾಗ ಸಡಿಲ ಮಣ್ಣು, ಗೊಬ್ಬರ ಎರಡೂ ಕೆಳಗೆ ಇಳಿಯುತ್ತವೆ. ಮೀನು ಮೊಟ್ಟೆಯಿಡುವ ಜಲ್ಲಿಯ ಸಂದುಗಳು ಆ ನುಣುಪು ಮಣ್ಣಿನಿಂದ ಮುಚ್ಚಿಹೋದರೆ ಮೊಟ್ಟೆಗೆ ಉಸಿರಿಲ್ಲ.

ಹೊಸಬ

ನಮಸ್ಕಾರ. ನಾನು ಇಲ್ಲಿಗೆ ಹೊಸಬ. ಎಲ್ಲರ ಮಾತು ಓದಿದೆ. ಆದರೂ ಕೇಳುತ್ತೇನೆ, ಬೈಯಬೇಡಿ. ನನ್ನ ಅಮ್ಮನಿಗೆ ಕ್ಯಾನ್ಸರ್. ಎಲುಬಿನ ನೋವಿಗೆ ರಾತ್ರಿ ನಿದ್ದೆಯಿಲ್ಲ, ಗೋಡೆಗೆ ಮುಖ ಮಾಡಿ ಸೆರಗು ಕಚ್ಚಿಕೊಂಡು ಮಲಗುತ್ತಾರೆ. ಗಾಂಜಾದ ಎಣ್ಣೆಯಿಂದ ನೋವು ಕಡಿಮೆಯಾಗುತ್ತದೆ ಎಂದು ಓದಿದೆ. ಮಾರುವುದಕ್ಕಲ್ಲ, ಯಾರ ಕಣ್ಣಿಗೂ ಬೀಳದ ಕಡೆ ನಾಲ್ಕೈದು ಗಿಡ ಹಾಕಿಕೊಂಡರೆ ಸಾಕು. ವಿಷ ಹಾಕುವುದಿಲ್ಲ, ತೊರೆ ಮುಟ್ಟುವುದಿಲ್ಲ. ಎಂತಹ ಜಾಗ ಆರಿಸಬೇಕು, ಹೇಗೆ ಬೆಳೆಯಬೇಕು, ಗೊತ್ತಿದ್ದವರು ಹೇಳಿ.

ಮುಂಗಾರು ಮೋಡ

ತಮ್ಮಾ, ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ. ಕಾನೂನು ಬದಲಾಗಬೇಕು ಎಂದು ಇಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುವವನು ನಾನೇ. ಆದರೂ ಈ ದಾರಿಯನ್ನು ನಾನು ಹೇಳಿಕೊಡುವುದಿಲ್ಲ. ನೀನು ಸಿಕ್ಕಿಬಿದ್ದರೆ ಆ ರಾತ್ರಿ ಅಮ್ಮನ ಪಕ್ಕದಲ್ಲಿ ಯಾರಿರುತ್ತಾರೆ?

ಹಸ್ತಸ್ಪರ್ಶ

ಹೊಸಬ ಅವರೇ, ನಾನು ಉಪಶಾಮಕ ಆರೈಕೆಯಲ್ಲಿ ಹದಿನೆಂಟು ವರ್ಷಗಳಿಂದ ದಾದಿಯಾಗಿದ್ದೇನೆ. ನಿಮ್ಮ ಅಮ್ಮನಂತೆ ಸೆರಗು ಕಚ್ಚಿಕೊಂಡು ಮಲಗಿದವರನ್ನು ನೂರಾರು ಮಂದಿಯನ್ನು ನೋಡಿದ್ದೇನೆ, ಆದ್ದರಿಂದ ನೇರವಾಗಿಯೇ ಬರೆಯುತ್ತೇನೆ.

ಎಲುಬಿಗೆ ಹರಡಿದ ಕ್ಯಾನ್ಸರಿನ ನೋವಿಗೆ ಮೊದಲ ಮದ್ದು ಗಾಂಜಾ ಅಲ್ಲ, ಮಾರ್ಫಿನ್. ಬಾಯಿಯಿಂದ ನುಂಗುವ ಮಾತ್ರೆ, ನಾಲ್ಕು ಗಂಟೆಗೊಮ್ಮೆ, ನೋವು ಬರುವ ಮೊದಲೇ. ನೋವಿರುವ ಎಲುಬಿಗೆ ಒಂದೇ ಬಾರಿ ಕೊಡುವ ವಿಕಿರಣ ಚಿಕಿತ್ಸೆಯೂ ಎಷ್ಟೋ ಜನರಿಗೆ ವಾರಗಳಲ್ಲಿ ನಿದ್ದೆ ಕೊಟ್ಟಿದೆ. ಮಾರ್ಫಿನ್ ಎಂದರೆ ಕೊನೆಗಾಲ, ಚಟ ಹಿಡಿಯುತ್ತದೆ ಎಂಬ ಹೆದರಿಕೆಯಿಂದ ಮನೆಯವರೇ ಬೇಡವೆನ್ನುತ್ತಾರೆ. ಕೆಲವು ವೈದ್ಯರೂ ಬರೆಯಲು ಹಿಂಜರಿಯುತ್ತಾರೆ. ಭಾರತದಲ್ಲಿ 2014ರಲ್ಲಿ ಮಾದಕ ವಸ್ತು ಕಾಯ್ದೆಯನ್ನು ತಿದ್ದಿದ್ದೇ ಇಂತಹ ರೋಗಿಗಳಿಗೆ ಮಾರ್ಫಿನ್ ಸುಲಭವಾಗಿ ಸಿಗಲಿ ಎಂದು. ಉಪಶಾಮಕ ಆರೈಕೆಯ ವೈದ್ಯರನ್ನು ಹುಡುಕಿ, ನಾಳೆಯೇ ಹೋಗಿ.

ಇನ್ನು ನಾಲ್ಕೈದು ಗಿಡದ ಮಾತು. ಕಾಡಿನಲ್ಲಿ ಬೆಳೆದ ಗಿಡದಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿ ಎಷ್ಟಿದೆ ಎಂದು ನಿಮಗೆ ಗೊತ್ತಾಗುವುದಿಲ್ಲ. ಒಂದು ದಿನ ಏನೂ ಆಗದು, ಮರುದಿನ ಅದೇ ಅಳತೆಗೆ ಅಮ್ಮ ಭ್ರಮೆಗೊಳಗಾಗಿ ಹಾಸಿಗೆಯಿಂದ ಎದ್ದು ಬೀಳಬಹುದು. ಸವೆದ ಎಲುಬು ಮುರಿಯಲು ಅಷ್ಟು ಸಾಕು. ಈ ಗಿಡ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳನ್ನು ಹೀರಿಕೊಳ್ಳುವುದರಲ್ಲಿ ಗಟ್ಟಿಗ. ಕೆಟ್ಟ ಮಣ್ಣನ್ನು ಶುದ್ಧಿ ಮಾಡಲು ಇದರ ತಳಿಯಾದ ಹೆಂಪನ್ನು ನೆಟ್ಟು ನೋಡಿದ್ದಾರೆ. ಸರಿಯಾಗಿ ಒಣಗದ ಹೂವಿನ ಮೇಲೆ ಬೂಷ್ಟು ಹಿಡಿಯುತ್ತದೆ. ಕೀಮೋ ಪಡೆಯುತ್ತಿರುವವರಿಗೆ ರೋಗನಿರೋಧಕ ಶಕ್ತಿ ಕುಂದಿರುತ್ತದೆ, ಆ ಬೂಷ್ಟಿನ ಬೀಜಾಣು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಕಳ್ಳಸಂತೆಯಲ್ಲಿ ಕೊಳ್ಳಲು ಸಿಗುವ ಮಾಲು ಇನ್ನೂ ಕೆಟ್ಟದ್ದು. ಮೈಕ್ಲೋಬ್ಯೂಟನಿಲ್ ಎಂಬ ಶಿಲೀಂಧ್ರನಾಶಕ ಹೊಡೆದ ಸೊಪ್ಪನ್ನು ಸುಟ್ಟರೆ ಸಯನೈಡ್ ಅನಿಲ ಹುಟ್ಟುತ್ತದೆ.

ಅಮ್ಮನಿಗೆ ಎಷ್ಟು ಹೊತ್ತಿಗೆ ನೋವು ಹೆಚ್ಚು, ಯಾವ ಮಗ್ಗುಲಿಗೆ ಮಲಗಿದರೆ ಕಡಿಮೆ, ಈಗ ಯಾವ ಮಾತ್ರೆ ಕೊಡುತ್ತಿದ್ದೀರಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ವೈದ್ಯರ ಬಳಿ ಹೋಗಿ. ಅರ್ಧ ಕೆಲಸ ಅದರಿಂದಲೇ ಆಗುತ್ತದೆ.

ಕಲಮು

ಹೊಸಬ ಅವರಿಗೆ ಕಾನೂನಿನ ಸ್ಥಿತಿಯನ್ನೂ ತಿಳಿಸಿಬಿಡುತ್ತೇನೆ, ಏಕೆಂದರೆ ನಾಲ್ಕು ಗಿಡ ತಾನೆ ಎಂಬ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಭಾರತದ 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 20ನೆಯ ಕಲಮಿನಡಿ ಗಾಂಜಾ ಗಿಡ ಬೆಳೆಸುವುದಕ್ಕೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಒಣಗಿದ ಮಾಲಿಗೆ ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ ಎಂಬ ಮೆಟ್ಟಿಲುಗಳಿವೆ. ಬೆಳೆಸಿದ್ದಕ್ಕೆ ಹೇಳಿರುವ ಶಿಕ್ಷೆಗೆ ಆ ಮೆಟ್ಟಿಲುಗಳಿಲ್ಲ.

ಜಮೀನಿರುವವರು ಗಮನಿಸಬೇಕಾದ ಇನ್ನೊಂದು ಕಲಮು 46. ತನ್ನ ನೆಲದಲ್ಲಿ ಯಾರೋ ಅಕ್ರಮವಾಗಿ ಬೆಳೆದಿದ್ದಾರೆ ಎಂದು ಗೊತ್ತಾದ ಕೂಡಲೇ ಅಧಿಕಾರಿಗಳಿಗೆ ತಿಳಿಸುವುದು ಜಮೀನುದಾರನ ಕರ್ತವ್ಯ. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ. ತೋಟದ ಮೂಲೆಗೆ ವರ್ಷಕ್ಕೊಮ್ಮೆ ಹೋಗುವವರು ಇದನ್ನು ನೆನಪಿಡಿ.

ನೇರ ದಾರಿಗಳೂ ಇವೆ. ನಾರು, ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದೆಂದು ಅದೇ ಕಾಯ್ದೆಯ 14ನೆಯ ಕಲಮು ಹೇಳುತ್ತದೆ. ಉತ್ತರಾಖಂಡ 2018ರಲ್ಲಿ ಹೆಂಪ್ ಬೆಳೆಗೆ ಪರವಾನಗಿ ಕೊಡಲು ಮುಂದಾಯಿತು. ಬೇರೆ ದೇಶಗಳಲ್ಲಿ ಮನೆಯಲ್ಲಿ ಬೆಳೆಯಲು ಮಿತಿಯಿದೆ: ಜರ್ಮನಿಯಲ್ಲಿ 2024ರಿಂದ ವಯಸ್ಕರಿಗೆ ತಲಾ ಮೂರು ಗಿಡ, ಕೆನಡಾದಲ್ಲಿ 2018ರಿಂದ ಬಹುತೇಕ ಪ್ರಾಂತ್ಯಗಳಲ್ಲಿ ಮನೆಗೆ ನಾಲ್ಕು, ಉರುಗ್ವೆಯಲ್ಲಿ ನೋಂದಾಯಿಸಿಕೊಂಡವರಿಗೆ ಆರು. ಈ ಮೂರರಲ್ಲಿ ಯಾವ ದೇಶವೂ ಕಾಡಿಗೆ ಹೋಗಿ ಬೆಳೆಯಿರಿ ಎಂದಿಲ್ಲ.

ಕೊಟ್ಟಿಗೆಮನೆ

ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ತೋಟ ಕಾಯುವವನ ಬಗ್ಗೆ ಯಾರೂ ಹೇಳಲಿಲ್ಲ.

ನಮ್ಮ ಚಿಕ್ಕಪ್ಪನ ಮಗ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇಂತಹ ಒಂದು ಕೆಲಸಕ್ಕೆ ಹೋದ. ಏನು ಬೆಳೆ ಎಂದು ಕರೆದುಕೊಂಡು ಹೋದವರು ಹೇಳಿರಲಿಲ್ಲ. ನಾಲ್ಕು ತಿಂಗಳು ಕಾಡಿನಲ್ಲಿ, ಟಾರ್ಪಾಲಿನ ಕೆಳಗೆ. ಹತ್ತು ದಿನಕ್ಕೊಮ್ಮೆ ಅಕ್ಕಿ, ಬೇಳೆ ತಂದಿಟ್ಟು ಹೋಗುತ್ತಿದ್ದರು, ಮುಖ ತೋರಿಸುತ್ತಿರಲಿಲ್ಲ. ಔಷಧ ಬೆರೆಸಿದ ಬಕೆಟ್ಟಿನಲ್ಲಿಯೇ ನೀರು ಹೊರುತ್ತಿದ್ದ. ಕೈಯ ಚರ್ಮ ಸುಲಿದು ಬಂದಿತ್ತು. ಕೊಯ್ಲಿನ ಹಿಂದಿನ ವಾರ ದಾಳಿ ಆಯಿತು. ಸಿಕ್ಕಿದ್ದು ಅವನೊಬ್ಬ. ಹಣ ಹೂಡಿದವರ ಹೆಸರನ್ನು ಅವನು ಹೇಳಲಿಲ್ಲ ಎಂದು ಎಲ್ಲರೂ ಬೈದರು. ಅವನಿಗೆ ಹೆಸರೇ ಗೊತ್ತಿರಲಿಲ್ಲ.

ಕೂಲಿ ಒಂದು ಪೈಸೆ ಬರಲಿಲ್ಲ. ಈಗಲೂ ಎಡಗೈ ಬೆರಳುಗಳು ಸರಿಯಾಗಿ ಮಡಚುವುದಿಲ್ಲ.

ಕಾಡುಹಾದಿ

ಕೊಟ್ಟಿಗೆಮನೆ ಅವರೇ, ಆ ಒಲೆಯ ಪಕ್ಕದಲ್ಲಿ ಒಂದು ಸಣ್ಣ ಹವಾಯಿ ಚಪ್ಪಲಿ ಇತ್ತು. ಮೊದಲ ಬರಹದಲ್ಲಿ ಅದನ್ನು ಬರೆದಿರಲಿಲ್ಲ. ಈಗ ಅದು ಕಣ್ಣಿನಿಂದ ಹೋಗುತ್ತಿಲ್ಲ.

ಬೆಟ್ಟದಂಚು

ಒಲೆ ಎಂದಾಗ ಬೆಂಕಿಯ ನೆನಪಾಯಿತು. 2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಪಾಡ್ರೆಸ್ ರಾಷ್ಟ್ರೀಯ ಅರಣ್ಯದಲ್ಲಿ ಹೊತ್ತಿದ ಲಾ ಬ್ರೇಯಾ ಕಾಳ್ಗಿಚ್ಚು ಇಂತಹದೇ ಒಂದು ಬಿಡಾರದ ಅಡುಗೆ ಬೆಂಕಿಯಿಂದ ಎದ್ದದ್ದು ಎಂದು ತನಿಖೆ ಹೇಳಿತು. ಸುಟ್ಟದ್ದು 89 ಸಾವಿರ ಎಕರೆಗೂ ಹೆಚ್ಚು.

ಇನ್ನು ಕಾನೂನು ಬದಲಾದರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತಿಗೆ ಬರುತ್ತೇನೆ. ಮೊರಾಕೊದ ರಿಫ್ ಬೆಟ್ಟಗಳನ್ನು ನೋಡಿ. 2003ರ ಸಮೀಕ್ಷೆಯಲ್ಲಿ 1,34,000 ಹೆಕ್ಟೇರ್ ಗಾಂಜಾ ಕಂಡಿತ್ತು. ಅದಕ್ಕಾಗಿ ಎಷ್ಟೋ ಇಳಿಜಾರಿನ ಕಾಡು ಹೋಯಿತು. ಅಲ್ಲಿನವರು ಬೆಲ್ದಿಯಾ ಎನ್ನುವ ನಾಡತಳಿ ಮಳೆಯ ನೀರಿಗೇ ತೃಪ್ತಿಪಡುವಂತಹುದು. ಚರಸ್ ಆಗುವ ಅಂಟು ಹೆಚ್ಚು ಸಿಗುತ್ತದೆಂದು ಹೊರಗಿನ ಮಿಶ್ರತಳಿಗಳು ಬಂದವು, ಅವುಗಳಲ್ಲಿ ಖರ್ದಾಲಾ ಹೆಸರುವಾಸಿ. ಅವಕ್ಕೆ ನೀರು ಬೇಕು, ಬೇಸಿಗೆಯಲ್ಲಿ ಬೇಕು. ಬಾವಿಗಳು ಆಳಕ್ಕೆ ಹೋದವು. 2021ರಲ್ಲಿ ಔಷಧ ಮತ್ತು ಕೈಗಾರಿಕೆಯ ಬಳಕೆಗೆ ಬೆಳೆಯಲು ಕಾನೂನು ಬಂತು, 2024ರ ಆಗಸ್ಟ್‌ನಲ್ಲಿ ಅಲ್ಲಿನ ದೊರೆ 4,800ಕ್ಕೂ ಹೆಚ್ಚು ಬೆಳೆಗಾರರಿಗೆ ಕ್ಷಮಾದಾನ ಕೊಟ್ಟರು. ತಲೆ ಮರೆಸಿಕೊಂಡಿದ್ದವರು ಮನೆಗೆ ಬರಲು ಆಗುವುದು ದೊಡ್ಡ ಮಾತೇ. ಆದರೆ ಕ್ಷಮಾದಾನದಿಂದ ಬಾವಿಗೆ ನೀರು ಬರುವುದಿಲ್ಲ.

ಮುಂಗಾರು ಮೋಡ

ನಾನು ಎರಡು ದಿನ ಸುಮ್ಮನಿದ್ದೆ. ಕ್ಯಾಲಿಫೋರ್ನಿಯಾ 2016ರ ಮತದಾನದಲ್ಲಿ ಗಾಂಜಾವನ್ನು ಸಕ್ರಮ ಮಾಡಿತು, 2018ರ ಜನವರಿಯಲ್ಲಿ ಅಂಗಡಿಗಳು ತೆರೆದವು. ಅದಾಗಿ ಇಷ್ಟು ವರ್ಷಗಳಾದರೂ ಅಲ್ಲಿನ ಕಾಡಿನಲ್ಲಿ ಇನ್ನೂ ಕಳ್ಳತೋಟಗಳು ಸಿಗುತ್ತಿವೆ ಎಂಬುದನ್ನು ನಾನು ಒಪ್ಪಲೇಬೇಕು. ಪರವಾನಗಿಯ ಶುಲ್ಕ, ತೆರಿಗೆ, ಪರೀಕ್ಷೆ ಎಲ್ಲವನ್ನೂ ಕಟ್ಟಿ ಬೆಳೆದವನ ಮಾಲಿನ ಎದುರು ಏನನ್ನೂ ಕಟ್ಟದವನ ಮಾಲು ಅಗ್ಗ. ಪಕ್ಕದ ರಾಜ್ಯದಲ್ಲಿ ನಿಷೇಧವಿದ್ದರೆ ಅಲ್ಲಿಗೆ ಸಾಗಿಸಿದರೆ ಇನ್ನೂ ಲಾಭ.

ಆದರೂ ನನ್ನ ನಿಲುವು ಬಿಡುವುದಿಲ್ಲ. ಸಣ್ಣ ಬೆಳೆಗಾರ ಹೊತ್ತುಕೊಳ್ಳಲಾಗುವಂತಹ ಕಾನೂನು ಬೇಕು. ದೊಡ್ಡ ಬಂಡವಾಳದವರಿಗೆ ಮಾತ್ರ ಬಾಗಿಲು ತೆರೆದರೆ ಉಳಿದವರು ಮತ್ತೆ ಬೆಟ್ಟ ಹತ್ತುತ್ತಾರೆ. ನಾನು ಹಿಂತೆಗೆದುಕೊಳ್ಳುವುದು ಒಂದೇ ಮಾತನ್ನು: ಹಿತ್ತಿಲಲ್ಲಿ ಮೂರು ಗಿಡಕ್ಕೆ ಅನುಮತಿ ಇದ್ದಿದ್ದರೆ ತೊರೆ ಹರಿಯುತ್ತಿತ್ತು ಎಂದದ್ದು. ಮೂರು ಗಿಡದ ಮನುಷ್ಯ ಆ ಒಡ್ಡು ಕಟ್ಟಿದವನಲ್ಲ.

ಹೊಸಬ

ಹಸ್ತಸ್ಪರ್ಶ ಅಕ್ಕ, ಹೋಗಿದ್ದೆ. ನೀವು ಹೇಳಿದಂತೆ ಹಾಳೆಯಲ್ಲಿ ಬರೆದುಕೊಂಡು ಹೋದೆ. ವೈದ್ಯರು ಅದನ್ನು ಪೂರ್ತಿ ಓದಿದರು. ಮಾರ್ಫಿನ್ ಶುರುವಾಗಿದೆ. ಮಲಬದ್ಧತೆಗೆ ಬೇರೆ ಔಷಧ ಕೊಟ್ಟಿದ್ದಾರೆ. ಮೊನ್ನೆ ರಾತ್ರಿ ಅಮ್ಮ ಐದು ಗಂಟೆ ಮಲಗಿದರು. ನಾನು ಮಲಗಲಿಲ್ಲ, ಉಸಿರಾಡುತ್ತಿದ್ದಾರೆಯೇ ಎಂದು ನೋಡುತ್ತಾ ಕುಳಿತಿದ್ದೆ.

ಹಸ್ತಸ್ಪರ್ಶ

ಐದು ಗಂಟೆ! ಮಲಬದ್ಧತೆಯ ಔಷಧವನ್ನು ಒಂದು ದಿನವೂ ತಪ್ಪಿಸಬೇಡಿ. ಮಾರ್ಫಿನ್ ತೆಗೆದುಕೊಳ್ಳುವಷ್ಟು ಕಾಲವೂ ಅದು ಬೇಕು. ಇವತ್ತು ನೀವೂ ಮಲಗಿ.

ಕಾಡುಹಾದಿ

ತಡವಾಗಿ ಬರೆಯುತ್ತಿದ್ದೇನೆ. ಅರಣ್ಯ ಇಲಾಖೆಗೆ ತಿಳಿಸಿದ್ದೆ. ಹತ್ತು ದಿನಗಳ ನಂತರ ಅವರ ತಂಡ ಹೊರಟಾಗ ಜಾಗ ತೋರಿಸಲು ನನ್ನನ್ನೂ ಕರೆದರು. ಅಲ್ಲಿಗೆ ಮುಟ್ಟಿದ ಮೇಲೆ ಐವತ್ತು ಹೆಜ್ಜೆ ಹಿಂದೆಯೇ ನಿಲ್ಲಿಸಿದರು. ಮೈ ಮುಚ್ಚುವ ಉಡುಪು, ಮುಖವಾಡ, ದಪ್ಪ ಕೈಗವಸು ತೊಟ್ಟ ಇಬ್ಬರು ಮಾತ್ರ ಒಳಗೆ ಹೋದರು. ಬಾಟಲಿಯನ್ನು ಮರಳು ತುಂಬಿದ ಡಬ್ಬಿಯಲ್ಲಿ ಇಳಿಸಿ, ಅದನ್ನು ಇನ್ನೊಂದು ಡಬ್ಬಿಯಲ್ಲಿಟ್ಟು ಮುಚ್ಚಿದರು. ಕಾಗೆಯನ್ನೂ ಅಳಿಲನ್ನೂ ಪರೀಕ್ಷೆಗೆ ತೆಗೆದುಕೊಂಡರು. ಪೈಪನ್ನು ಸುತ್ತುತ್ತಾ ಬಂದರೆ ಮುಗಿಯುವುದೇ ಇಲ್ಲ, ಆರು ಸುರುಳಿಗಳಾದವು.

ಒಡ್ಡನ್ನು ಬಿಚ್ಚುವಾಗ ಮಾತ್ರ ಹತ್ತಿರ ಬರಲು ಬಿಟ್ಟರು. ನೀಲಿ ಹಾಳೆ ಎಳೆದ ಕೂಡಲೇ ನೀರು ಧುಮುಕುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಮೊದಲು ಕೆಸರು ಇಳಿಯಿತು, ಆಮೇಲೆ ಬೆರಳಗಲದ ಒಂದು ಎಳೆ ಕಲ್ಲಿನ ಮೇಲೆ ತಡವರಿಸುತ್ತಾ ಹೋಯಿತು. ಒಣಗಿದ ಮರಳು ಅದನ್ನು ಕುಡಿಯುತ್ತಲೇ ಇತ್ತು. ಅದರ ಜೊತೆಗೇ ನಾನೂ ಕೆಳಗೆ ಇಳಿದೆ, ಕೆಲವು ಕಡೆ ಅದು ಮುಂದೆ, ಕೆಲವು ಕಡೆ ನಾನು. ಗೊದಮೊಟ್ಟೆಗಳಿದ್ದ ಗುಂಡಿಗೆ ಅದು ತಲುಪುವಷ್ಟರಲ್ಲಿ ಸಂಜೆಯಾಗಿತ್ತು. ಗುಂಡಿ ಒಣಗಿತ್ತು.

ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಗೂಬೆಕಣ್ಣು ಅವರೇ, ನೀವು ಹೇಳಿದ ವಿಷವೇ ಆಗಿದ್ದರೆ ಆ ಮಣ್ಣಿನಲ್ಲಿ ಎಷ್ಟು ಕಾಲ ಉಳಿಯುತ್ತದೆ?

ಗೂಬೆಕಣ್ಣು

ಕಾರ್ಬೋಫ್ಯುರಾನ್ ಆದರೆ ಮಣ್ಣಿನಲ್ಲಿ ಅರ್ಧದಷ್ಟಕ್ಕೆ ಇಳಿಯಲು ಸಾಮಾನ್ಯವಾಗಿ ಒಂದರಿಂದ ನಾಲ್ಕು ತಿಂಗಳು. ಹುಳಿ ಮಣ್ಣಿನಲ್ಲಿ ನಿಧಾನ, ಕ್ಷಾರದ ಮಣ್ಣಿನಲ್ಲಿ ಬೇಗ. ಎಲೆ ಕೊಳೆತ ಕಾಡಿನ ಮಣ್ಣು ಬಹುಮಟ್ಟಿಗೆ ಹುಳಿಯೇ. ನೀರಿನಲ್ಲಿ ಕರಗಿ ಕೆಳಗೆ ಹೋಗುವ ಗುಣವೂ ಅದಕ್ಕಿದೆ. ಆದ್ದರಿಂದ ಬರುವ ಮಳೆಗಾಲ ಮುಗಿಯುವವರೆಗೆ ಆ ತೊರೆಯ ನೀರನ್ನು ಯಾರೂ ಕುಡಿಯದಿರುವುದು ಒಳ್ಳೆಯದು, ಇಲಾಖೆಯವರಿಗೂ ಇದನ್ನು ಹೇಳಿ. ಇಲಿ ಪಾಷಾಣವೂ ಇದ್ದರೆ ಅದು ಮಣ್ಣಿಗಿಂತ ಪ್ರಾಣಿಗಳ ಯಕೃತ್ತಿನಲ್ಲಿ ಹೆಚ್ಚು ಕಾಲ, ತಿಂಗಳುಗಟ್ಟಲೆ, ಉಳಿಯುತ್ತದೆ.

ಮುಂದಿನ ಮಳೆಗಾಲದ ನಂತರ ಕಪ್ಪೆಗಳ ಕೂಗು ಕೇಳಿಸಿದರೆ ದಿನಾಂಕ ಬರೆದಿಟ್ಟುಕೊಳ್ಳಿ. ಯಾವ ಕಪ್ಪೆ, ತೊರೆಯ ಯಾವ ಮಗ್ಗುಲು ಎಂಬುದನ್ನೂ ಬರೆಯಿರಿ. ನನಗೆ ಅದು ಬೇಕು.